ತುದಿಯೂ ಹೊಳೆಯುತ್ತದೆ

ತೋಟದ ಮನೆ, ಮುಧೋಳ ತಾಲೂಕು
10 ಡಿಸೆಂಬರ್ 2023

ಚಿರಂಜೀವಿ ಪ್ರತಿಮಾಳಿಗೆ ನಿನ್ನ ಸೋದರತ್ತೆ ಶಿವವ್ವನ ಆಶೀರ್ವಾದ.

ಹೇಗಿದ್ದೀ? ಪುಣೆಯ ಚಳಿಗೆ ನಿನ್ನ ಮೂಗು ಸೋರುವುದು ನಿಂತಿತೆ? ನಿನ್ನ ಕೋಣೆಯ ಗೆಳತಿ ವೈಶಾಲಿಯ ಹಲ್ಲುನೋವು ಏನಾಯಿತು? ನಿನ್ನ ನೊಣಗಳೆಲ್ಲ ಆರಾಮವೆ? ನಗಬೇಡ. ಸಾಕಿದ ಮೇಲೆ ಕೇಳುವುದು ಪದ್ಧತಿ. ಬನಹಟ್ಟಿಯಲ್ಲಿ ನಿನ್ನ ಅಪ್ಪ ಪ್ರಭುಲಿಂಗ, ಅವ್ವ ಗಂಗಾಂಬಿಕಾ ಚೆನ್ನಾಗಿದ್ದಾರೆ. ಇಲ್ಲಿ ನನ್ನ ಮೈದುನ ಚನಮಲ್ಲಪ್ಪನಿಗೆ ಮೊಣಕಾಲು ಹಿಡಿದುಕೊಂಡಿದೆ, ಆದರೂ ಗಾಣ ಬಿಟ್ಟು ಏಳುವುದಿಲ್ಲ.

ಫೋನ್ ಇರುವಾಗ ಪತ್ರ ಯಾಕೆ ಎಂದು ಕಳೆದ ಸಲ ಕೇಳಿದೆ. ನನ್ನ ಎಡಗಿವಿ ಪೂರ್ತಿ ಮಲಗಿದೆ. ಬಲಗಿವಿಗೆ ಫೋನ್ ಹಿಡಿದರೆ ಪಕ್ಕದಲ್ಲಿ ಕುಳಿತವರು ನನಗಿಂತ ಮೊದಲು ಕೇಳಿಸಿಕೊಂಡು ಉತ್ತರವನ್ನೂ ಕೊಡುತ್ತಾರೆ. ಅದಕ್ಕೇ ಬರೆಯುತ್ತೇನೆ. ನನ್ನನ್ನು ನಾಲ್ಕನೇ ಇಯತ್ತೆಗೆ ಸಾಲೆ ಬಿಡಿಸಿದರು. ಉಳಿದದ್ದನ್ನು ಈ ಮನೆಯ ಮಕ್ಕಳ ಪುಸ್ತಕಗಳಲ್ಲಿ ನಾನೇ ಓದಿಕೊಂಡೆ. ಈಗ ನಿನ್ನ ತಮ್ಮ ವೀರೇಶನ ಹತ್ತನೆಯ ವಿಜ್ಞಾನ ತರಿಸಿಕೊಂಡು ಜೀವಕೋಶದ ತನಕ ಬಂದಿದ್ದೇನೆ. ಮುಂದಿನದನ್ನು ನೀನು ಹೇಳಬೇಕು, ಕನ್ನಡದಲ್ಲಿ.

ನಿಮ್ಮ ಲ್ಯಾಬಿನಲ್ಲಿ ನೊಣಗಳಿಗೆ ಬೆಲ್ಲ ಹಾಕಿ ಅಂಬಲಿ ಕಾಯಿಸುತ್ತಾರೆ ಎಂದು ನಿನ್ನ ಅವ್ವ ಹೇಳಿದಳು. ಅಂಗಡಿಯಿಂದ ತರುತ್ತಾರಂತೆ! ಗಾಣವಿರುವ ಮನೆಯ ಹುಡುಗಿ ಅಂಗಡಿ ಬೆಲ್ಲ ಬಳಸುವುದೆಂದರೇನು? ಮುಧೋಳದಿಂದ ಪುಣೆಗೆ ಬರುವ ರಾತ್ರಿ ಬಸ್ಸಿನ ಡ್ರೈವರನ ಕೈಯಲ್ಲಿ ಒಂದು ಡಬ್ಬಿ ಕಳಿಸಿದ್ದೇನೆ. ನಾವು ತಿನ್ನುವ ಕರಿ ಬೆಲ್ಲ ಅಲ್ಲ. ನಿಮ್ಮ ಗೈಡ್ ಸರ್ ನೋಡುತ್ತಾರೆ ಎಂದು, ಬೀಗರ ಮನೆಗೆ ಕೊಡುವಂಥ ಬೆಳ್ಳನೆಯ ಬೆಲ್ಲವನ್ನೇ ಹೇಳಿ ಮಾಡಿಸಿದ್ದೇನೆ. ಮುಟ್ಟಿದ್ದಕ್ಕೆ ಬರೆ.

ನಿನ್ನ ಅತ್ತೆ
ಶಿವವ್ವ


ಪುಣೆ
4 ಜನವರಿ 2024

ಶಿವವ್ವತ್ತೆಗೆ ಶರಣು.

ಬೆಲ್ಲ ಮುಟ್ಟಿತು. ಲ್ಯಾಬಿನವರೆಲ್ಲ ಒಂದೊಂದು ಚೂರು ಬಾಯಿಗೆ ಹಾಕಿಕೊಂಡರು. ಸರ್ ಕೂಡ. ಇಲ್ಲಿಯ ದಾಸ್ತಾನು ಮುಗಿದಿತ್ತು. ಹಾಗಾಗಿ ಹೋದ ತಿಂಗಳಿಂದ ನನ್ನ ನೊಣಗಳಿಗೆ ನಿಮ್ಮ ಬೆಲ್ಲವೇ. ನಿಮ್ಮ ಚನಮಲ್ಲಪ್ಪಕಾಕಾಗೆ ಹೇಳಿ, ಅವು ಬಾಟಲಿ ತುಂಬ ಮರಿ ಹಾಕಿವೆ.

ಈಗ ನನ್ನ ಕೆಲಸದ ಮಾತು. ಕೊಳೆತ ಬಾಳೆಹಣ್ಣಿನ ಮೇಲೆ ಹಾರುವ ಗುಂಗಾಡಿನಂಥ ಸಣ್ಣ ನೊಣ ಇದು. ಇದರ ಮರಿಹುಳದ ಜೊಲ್ಲಿನ ಗ್ರಂಥಿಯಲ್ಲಿ ವರ್ಣತಂತುಗಳು ಬೇರೆ ಎಲ್ಲಿಯೂ ಇಲ್ಲದಷ್ಟು ದಪ್ಪ, ನೂರಾರು ಎಳೆ ಒಂದರ ಪಕ್ಕ ಒಂದು ಹಾಸಿದಂತೆ. ಗ್ರಂಥಿಯನ್ನು ಬಿಡಿಸಿ, ಗಾಜಿನ ಮೇಲಿಟ್ಟು, ಹೆಬ್ಬೆರಳಿನಿಂದ ಒತ್ತಿ ಹರಡುತ್ತೇವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಐದು ಉದ್ದ ತೋಳುಗಳು, ಒಂದು ಪುಟ್ಟದು. ಮೈತುಂಬ ಅಡ್ಡಪಟ್ಟೆ. ಎಲ್ಲ ತೋಳುಗಳೂ ನಡುವೆ ಒಂದೇ ಗಂಟಿಗೆ ಸೇರಿರುತ್ತವೆ.

ಈ ತಂತುಗಳ ಮೇಲೆ ಒಂದು ಪ್ರೊಟೀನ್ ಎಲ್ಲಿ ಕೂಡುತ್ತದೆ ಎಂದು ನೋಡುವುದು ನನ್ನ ಕೆಲಸ. ಅದನ್ನು ಮಾತ್ರ ಹುಡುಕಿ ಹಿಡಿಯುವ ಒಂದು ದ್ರವವಿದೆ. ಅದನ್ನು ಹಾಕಿದರೆ ಪ್ರೊಟೀನ್ ಇರುವಲ್ಲಿ ಹಸಿರಾಗಿ ಹೊಳೆಯುತ್ತದೆ. ಅದು ನಡುವಿನ ಗಂಟಿನಲ್ಲಿ ಮಾತ್ರ ಕೂಡುತ್ತದೆ ಎಂದು ನಮ್ಮ ಸರ್ ಬಹಳ ಹಿಂದೆಯೇ ಬರೆದಿದ್ದಾರೆ. ಅವರಿಗೆ ಹೆಸರು ಬಂದದ್ದೇ ಅದರಿಂದ.

ಮೊನ್ನೆ ನನಗೆ ತೋಳುಗಳ ತುದಿಯಲ್ಲೂ ಕಂಡಿತು ಅತ್ತೆ. ಗಂಟಿನಷ್ಟು ಜೋರಾಗಿ ಅಲ್ಲ, ಸಣ್ಣಗೆ. ಕಣ್ಣು ಒರೆಸಿಕೊಂಡು ನೋಡಿದೆ. ಬೇರೆ ಹುಳ ಬಿಡಿಸಿ ನೋಡಿದೆ. ಇತ್ತು. ಸರ್‌ಗೆ ಇನ್ನೂ ತೋರಿಸಿಲ್ಲ. ಮೊದಲು ನಿಮಗೆ ಹೇಳಿದ್ದೇನೆ.

ನಿಮ್ಮ
ಪ್ರತಿಮಾ


ತೋಟದ ಮನೆ
19 ಜನವರಿ 2024

ಪ್ರೀತಿಯ ಪ್ರತಿಮಾ,

ನಿನ್ನ ಪತ್ರವನ್ನು ಸಂಕ್ರಾಂತಿಯ ದಿನ ಗಾಣದ ಮುಂದೆ ಕುಳಿತು ಗಟ್ಟಿಯಾಗಿ ಓದಿದೆ. ಕಬ್ಬು ತಂದು ಪಾಳಿಗೆ ಕಾಯುತ್ತಿದ್ದವರೆಲ್ಲ ಕೇಳಿದರು. ಹಿಪ್ಪರಗಿಯ ಕಡೆಯ ಅಪ್ಪಾಸಾಬ ಒಬ್ಬನಿದ್ದಾನೆ, ಬಾಯಿ ಸುಮ್ಮನಿರುವುದಿಲ್ಲ.

"ಯವ್ವಾ, ಐದು ವರ್ಷ ಆತು, ನಿಮ್ಮ ಹುಡಿಗಿ ಪುಣೆದಾಗ ಕುಂತು ನೊಣಾ ಹೊಡ್ಯಾಕತ್ತಾಳಂದಂಗಾತು" ಎಂದ.

"ಹೊಡ್ಯಾಕತ್ತಿಲ್ಲೋ, ಸಾಕಾಕತ್ತಾಳ."

"ನಾ ಎಮ್ಮಿ ಸಾಕೀನಿ, ಹಾಲರ ಕೊಡತೈತಿ."

"ನಿನ್ನ ಎಮ್ಮಿ ಹೊಟ್ಯಾಗ ಏನೈತಿ ಅಂತ ನಿನಗ ಗೊತ್ತೈತೇನು? ಆಕಿಗೆ ನೊಣದ ಜೊಲ್ಲಿನಾಗ ಏನೈತಿ ಅಂತ ಗೊತ್ತೈತಿ, ಸುಮ್ಮ ಕುಂದ್ರು."

ಎಲ್ಲರೂ ನಕ್ಕರು. ಆದರೆ ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ: "ಅಲ್ರೀ ಯವ್ವಾ, ಅಷ್ಟ ದೊಡ್ಡ ಸಾಹೇಬ್ರಿಗಿ ಕಾಣದ್ದು ಈಕಿಗಿ ಹ್ಯಾಂಗ ಕಂಡೀತು?" ನಾನು ಹೇಳಿದೆ, ಸಾಹೇಬರು ಗಂಟು ನೋಡಿದರು, ಅಲ್ಲಿ ಸಿಕ್ಕಿತು, ಎದ್ದು ಹೋದರು, ಈಕೆ ಇನ್ನೂ ಕುಳಿತಿದ್ದಾಳೆ. ನಾನು ಹೇಳಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ತಪ್ಪಿದ್ದರೆ ತಿದ್ದು.

ಬೀಳಗಿಯ ಒಂದು ಮನೆತನದವರು ನಿನ್ನನ್ನು ಕೇಳುತ್ತಿದ್ದಾರಂತೆ, ನಿನ್ನ ಅವ್ವ ಸುಮ್ಮನೆ ಬಾಯಿಬಿಟ್ಟಳು. ನೀನು ಅದನ್ನು ತಲೆಗೆ ಹಚ್ಚಿಕೊಳ್ಳಬೇಡ. ಸರ್‌ಗೆ ತೋರಿಸಿದೆಯಾ? ಅವರ ಮುಖ ಹೇಗಾಯಿತು? ಎಲ್ಲ ಬರೆ.

ಶಿವವ್ವ


ಪುಣೆ
27 ಫೆಬ್ರವರಿ 2024

ಅತ್ತೆಗೆ ಶರಣು.

ಪತ್ರ ತಡವಾಯಿತು, ಕೆಲಸವಿತ್ತು. ನಾನು ಆರಾಮ ಇದ್ದೇನೆ. ತುದಿಯ ವಿಷಯ ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಗಂಟಿನದಷ್ಟನ್ನೇ ಬರೆದು ಮೇ ತಿಂಗಳೊಳಗೆ ಪ್ರಬಂಧ ಮುಗಿಸುತ್ತೇನೆ. ಅಪ್ಪನಿಗೂ ಸಂತೋಷವಾಗುತ್ತದೆ.

ಬೆಲ್ಲ ಇನ್ನು ಕಳಿಸಬೇಡಿ. ಇಲ್ಲಿ ಬೇಕಾದಷ್ಟಿದೆ.

ಪ್ರತಿಮಾ


ತೋಟದ ಮನೆ
14 ಮಾರ್ಚ್ 2024

ಪ್ರತಿಮಾ,

ನಿನ್ನ ಆ ಪತ್ರ ಓದಿ ನನಗೆ ಊಟ ಸೇರಲಿಲ್ಲ. ಜನವರಿಯಲ್ಲಿ ಕಣ್ಣು ಒರೆಸಿಕೊಂಡು ನೋಡಿದವಳು ಫೆಬ್ರವರಿಯಲ್ಲಿ ಬದಿಗಿಟ್ಟೆ ಎನ್ನುತ್ತೀ. "ಅಪ್ಪನಿಗೂ ಸಂತೋಷ" ಎಂದು ಬೇರೆ ಬರೆದಿದ್ದೀ. ನನಗೆ ಒಂದೇ ಅರ್ಥ ಹೊಳೆಯಿತು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಬನಹಟ್ಟಿಗೆ ಹೋದೆ, ನೆಟ್ಟಗೆ ನಿನ್ನ ಅಪ್ಪನ ನೂಲಿನ ಅಂಗಡಿಗೆ. ಮಗ್ಗದವರು ನಾಲ್ಕು ಜನ ಕುಳಿತಿದ್ದರು.

"ಲೇ ಪ್ರಭ್ಯಾ, ಬೀಳಗಿಯವ್ರು ಅವಸರ ಮಾಡ್ಯಾರಂತ ಹುಡಿಗಿ ಕೆಲಸಾ ಅರ್ಧಕ್ಕ ಬಿಡಸಾಕತ್ತೀ ಏನು?" ಎಂದೆ.

"ಅಕ್ಕಾ, ಗಿರಾಕಿ ಅದಾರ, ಸಾವಕಾಶ."

"ಗಿರಾಕಿನೂ ಕೇಳಲಿ. ಆಕಿ ತುದಿ ಯಾಕ ಬಿಟ್ಲು, ಅದನ್ನ ಹೇಳು."

"ಯಾವ ತುದಿಬೇ? ಬೀಳಗಿಯವ್ರು ಯಾವಾಗೋ ಬ್ಯಾರೆ ಕಡೆ ಗೊತ್ತು ಮಾಡ್ಕೊಂಡ್ರು!"

ಅಂಗಡಿಯವರೆಲ್ಲ ನಕ್ಕರು. ನನಗೂ ನಗು ಬರುವಂತಿತ್ತು, ಬರಗೊಡಲಿಲ್ಲ. ಆಮೇಲೆ ಅವನು ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಚಹಾ ಕೊಟ್ಟು, ಅತ್ತೆಗೆ ಹೇಳಬೇಡ ಎಂದು ನೀನು ತಾಕೀತು ಮಾಡಿದ್ದನ್ನೆಲ್ಲ ಹೇಳಿದ. "ಅವರ ಸರ್ ಎಲ್ಲಾರ ಮುಂದ ಅಂದ್ರಂತ ಅಕ್ಕಾ, ನಿಮ್ಮ ಊರ ಕಲಬೆರಕಿ ಬೆಲ್ಲಾ ತಿನ್ನಿಸಿ ಹುಳಾ ಕೆಡಿಸಿದಿ, ಅದಕ್ಕ ಇಲ್ಲದ ಬೆಳಕ ಕಾಣಾಕತ್ತೈತಿ ಅಂತ. ಹುಡಿಗಿ ಫೋನಿನ್ಯಾಗ ಅಳಾಕತ್ತಿತ್ತು."

ಕಲಬೆರಕೆ! ನಮ್ಮ ಗಾಣದ ಬೆಲ್ಲ! ಊರಿಗೆ ಬಂದವಳೇ ಚನಮಲ್ಲಪ್ಪನ ಎದುರು ನಿಂತೆ. ಕೊಪ್ಪರಿಗೆಯಲ್ಲಿ ರಸ ಉಕ್ಕುತ್ತಿತ್ತು.

"ಆ ಡಬ್ಬಿಯ ಬೆಲ್ಲದಾಗ ಏನೇನ್ ಹಾಕಿದ್ದಿ, ಖರೆ ಹೇಳು."

"ಸುಣ್ಣಾ ಹಾಕೀನಿ, ಬೆಂಡಿಗಿಡದ ಲೋಳಿ ಹಾಕೀನಿ."

"ಮತ್ತ?"

"ಮತ್ತ ಬಿಳೀ ಮಾಡೂ ಪೌಡರ. ದಿನಾ ಹಾಕೂಕಿಂತ ಒಂದೀಟು ಜಾಸ್ತೀನ. ನೀವ ಅಂದಿರಲ್ರೀ ವೈನಿ, ಸಾಹೇಬ್ರು ನೋಡ್ತಾರ, ಬಂಗಾರಧಂಗ ಕಾಣಬೇಕಂತ!"

ನಾನು ಅಲ್ಲೇ ಕುಳಿತುಬಿಟ್ಟೆ. ಮನೆಗೆ ಕರಿ ಬೆಲ್ಲ, ಬೀಗರಿಗೆ ಬಿಳಿ ಬೆಲ್ಲ. ನನ್ನ ಅತ್ತೆಯ ಕಾಲದಿಂದ ಹೀಗೇ. ಬೇರೆಯವರ ಮನೆಗೆ ಕಪ್ಪಗಿನದು ಕಳಿಸಿದರೆ ಮಾನ ಹೋಗುತ್ತದೆ ಎಂದು ತಿಳಿದವರು ನಾವು. ನಿನ್ನ ನೊಣಗಳನ್ನೂ ಬೀಗರ ಸಾಲಿನಲ್ಲೇ ಕೂಡಿಸಿದೆ.

ಹೀಗಾಯಿತು ನೋಡು. ಬೆಲ್ಲದಲ್ಲಿ ಪುಡಿ ಇದ್ದದ್ದು ನಿಜ. ಆದರೆ ತುದಿ ಹೊಳೆದದ್ದು ಅದರಿಂದಲೇ ಎಂದು ನಿಮ್ಮ ಸರ್‌ಗೆ ಯಾರು ಹೇಳಿದರು? ಪುಡಿ ಇದೆ ಎಂಬುದು ನನಗೇ ಮೊನ್ನೆ ಗೊತ್ತಾಯಿತು, ಅವರು ತಿಂಗಳ ಹಿಂದೆಯೇ ತೀರ್ಪು ಕೊಟ್ಟುಬಿಟ್ಟರೆ? ಬದಿಗಿಟ್ಟದ್ದನ್ನು ಮತ್ತೆ ತೆಗೆ.

ಶಿವವ್ವ


ಪುಣೆ
2 ಏಪ್ರಿಲ್ 2024

ಅತ್ತೆ,

ನೀವು ಅಂಗಡಿಯಲ್ಲಿ ಕೂಗಾಡಿದ್ದನ್ನು ಅಪ್ಪ ಫೋನ್ ಮಾಡಿ ಹೇಳಿದರು. ನಕ್ಕೇ ಹೇಳಿದರು. ನನಗೆ ನಗು ಬರಲಿಲ್ಲ.

ಪುಡಿ ಇತ್ತು ಎಂದು ಈಗ ಹೇಳುತ್ತೀರಿ. ನಾನು ಸರ್ ಮುಂದೆ, "ಇದು ನಮ್ಮ ಮನೆಯ ಬೆಲ್ಲ, ಇದರಲ್ಲಿ ಏನೂ ಬೆರೆಸುವುದಿಲ್ಲ" ಎಂದು ವಾದ ಮಾಡಿದ್ದೆ. ನನ್ನ ಜೊತೆಯವರೆಲ್ಲ ಕೇಳಿಸಿಕೊಂಡಿದ್ದಾರೆ. ಅವರು ಹೇಳಿದ್ದೇ ನಿಜವಾಯಿತಲ್ಲ. ತಿನ್ನುವುದು ಬದಲಾದರೆ ಹುಳದ ಜೀವಕೋಶದಲ್ಲಿ ಏನೇನೋ ಬದಲಾಗುತ್ತದೆ, ಅದು ಸುಳ್ಳಲ್ಲ.

ನಿಮಗೆ ಹೇಳುವುದು ಸುಲಭ. ಸರ್ ಸಹಿ ಇಲ್ಲದೆ ನನ್ನ ಪ್ರಬಂಧ ಮುಂದೆ ಹೋಗುವುದಿಲ್ಲ. ತುದಿಯ ಚಿತ್ರವನ್ನು ಪ್ರಬಂಧದಿಂದ ತೆಗೆದುಹಾಕಿದರೆ ಬೇಸಿಗೆಗೆ ಮುಗಿಯುತ್ತದೆ, ಇಟ್ಟರೆ ಬೇರೆ ಗೈಡ್ ನೋಡಿಕೋ ಎಂದಿದ್ದಾರೆ. ಐದು ವರ್ಷ ಅತ್ತೆ. ಈ ಕೆಲಸ ಬಿಟ್ಟು ಬೇರೆ ಕಡೆ ಒಂದರಿಂದ ಶುರು ಮಾಡಬೇಕು. ತುದಿಯನ್ನು ಬಿಟ್ಟರೆ ಯಾರಿಗೆ ಏನು ನಷ್ಟ? ಆ ನೊಣಕ್ಕಂತೂ ಇಲ್ಲ.

ಪ್ರತಿಮಾ


ತೋಟದ ಮನೆ
9 ಏಪ್ರಿಲ್ 2024

ಪ್ರತಿಮಾ,

ಇಂದು ಯುಗಾದಿ. ಬೇವು ತಿಂದು ಬರೆಯುತ್ತಿದ್ದೇನೆ, ಮಾತು ಕಹಿಯಾದರೆ ತಾಳಿಕೋ.

ಸರ್ ಮುಂದೆ ನಿನ್ನ ಮಾತು ಬಿದ್ದದ್ದು ನನ್ನಿಂದ. ಒಪ್ಪಿದೆ. ಈ ಕಾಗದವನ್ನು ಬೇಕಾದರೆ ನಿಮ್ಮ ಸರ್‌ಗೆ ತೋರಿಸು: ಬೆಲ್ಲದಲ್ಲಿ ಪುಡಿ ಹಾಕಿಸಿದವಳು ಶಿವವ್ವ, ಹುಡುಗಿಗೆ ಗೊತ್ತಿರಲಿಲ್ಲ. ಇಲ್ಲಿಗೆ ಅದು ಮುಗಿಯಿತು.

ಇನ್ನು ಉಳಿದದ್ದು. ಪುಡಿಯಿಂದಲೇ ತುದಿ ಹೊಳೆಯಿತು ಅನ್ನೋಣ. ಹಾಗಾದರೆ ಪುಡಿಯಿಂದ ಹೊಳೆಯಿತು ಎಂದೇ ಬರೆ, ನಾನು ಬೇಡ ಎನ್ನುವುದಿಲ್ಲ. ಆಗ ಚನಮಲ್ಲಪ್ಪನ ಕೈಯಿಂದ ಪುಡಿ ಬಿಡಿಸುತ್ತೇನೆ. ಪುಡಿಯಿಂದ ಅಲ್ಲ ಎಂದಾದರೆ ಅಲ್ಲ ಎಂದು ಬರೆ. ಇವೆರಡರಲ್ಲಿ ಯಾವುದು ಎಂಬುದು ನನಗೆ ಗೊತ್ತಿಲ್ಲ, ನಿನಗೆ ಗೊತ್ತಿಲ್ಲ, ನಿಮ್ಮ ಸರ್‌ಗೂ ಗೊತ್ತಿಲ್ಲ. ಗೊತ್ತಿಲ್ಲದವರು ಮೂವರೂ ಸಮ. ಅದರಲ್ಲಿ ಒಬ್ಬರಿಗೆ ಮಾತ್ರ ಚಿತ್ರ ತೆಗೆದುಹಾಕುವ ಅಧಿಕಾರ ಎಲ್ಲಿಂದ ಬಂತು?

ಯಾರಿಗೆ ನಷ್ಟ ಎಂದು ಕೇಳಿದೆ. ನಾಳೆ ಇನ್ನೊಬ್ಬ ಹುಡುಗಿ, ಯಾವ ಊರಿನವಳೋ, ಅದೇ ತುದಿಯಲ್ಲಿ ಅದೇ ಬೆಳಕು ನೋಡುತ್ತಾಳೆ. ನಿನ್ನ ಪ್ರಬಂಧ ತೆಗೆದು ಓದುತ್ತಾಳೆ. ಅದರಲ್ಲಿ ಇಲ್ಲ. ತನ್ನ ಕಣ್ಣೇ ಕೆಟ್ಟಿದೆ ಎಂದು ತಿಳಿದು ಗಾಜು ತೊಳೆದಿಡುತ್ತಾಳೆ. ಅವಳಿಗೆ ನಷ್ಟ.

ಸಹಿ ಬೇಕು, ಅದು ನನಗೂ ಅರ್ಥವಾಗುತ್ತದೆ. ನೀನು ಸಹಿಯನ್ನೇ ಆರಿಸಿಕೊಂಡರೂ ನೀನು ನನ್ನ ತಮ್ಮನ ಮಗಳೇ, ಬಂದರೆ ಹೋಳಿಗೆ ಮಾಡುತ್ತೇನೆ. ಆದರೆ ಕಂಡಿಲ್ಲ ಎಂದು ನನ್ನ ಮುಂದೆ ಹೇಳಬೇಡ. ನೀನು ಕಂಡದ್ದನ್ನು ನಾನು ಓದಿದ್ದೇನೆ.

ಕರಿ ಬೆಲ್ಲದ ಒಂದು ಪೆಂಟೆ ಕಳಿಸಿದ್ದೇನೆ, ನಾವು ತಿನ್ನುವುದು, ಪುಡಿ ಇಲ್ಲದ್ದು. ಈ ಸಲ ನಾನೇ ಕೊಪ್ಪರಿಗೆಯ ಮುಂದೆ ನಿಂತಿದ್ದೆ. ಬಳಸುವುದು, ಎಸೆಯುವುದು ನಿನಗೆ ಬಿಟ್ಟದ್ದು.

ಶಿವವ್ವ


ಪುಣೆ
6 ಜುಲೈ 2024

ಪ್ರೀತಿಯ ಅತ್ತೆಗೆ ಶರಣು.

ಇಷ್ಟು ದಿನ ಬರೆಯಲಿಲ್ಲ. ಮೊದಲು ನಿಮ್ಮ ಮೇಲೆ ಸಿಟ್ಟಿತ್ತು. ಆಮೇಲೆ ಬರೆಯಲು ಏನೂ ಇರಲಿಲ್ಲ. ಈಗ ಇದೆ.

ಕರಿ ಬೆಲ್ಲವನ್ನು ವಾರಗಟ್ಟಲೆ ಕಪಾಟಿನಲ್ಲಿಟ್ಟಿದ್ದೆ. ಒಂದು ದಿನ ವೈಶಾಲಿ ಕೇಳಿದಳು: "ನೀನು ಅದನ್ನು ತಿನ್ನುವುದೂ ಇಲ್ಲ, ನೊಣಕ್ಕೆ ಹಾಕುವುದೂ ಇಲ್ಲ. ಪೂಜೆ ಮಾಡುತ್ತೀಯಾ?" ಅಂದೇ ಮೂರು ಗುಂಪು ಮಾಡಿದೆ. ಒಂದಕ್ಕೆ ಉಳಿದಿದ್ದ ಬಿಳಿ ಬೆಲ್ಲ, ಒಂದಕ್ಕೆ ಕರಿ ಬೆಲ್ಲ, ಒಂದಕ್ಕೆ ಲ್ಯಾಬಿನ ಸಕ್ಕರೆ. ಯಾವ ಗಾಜು ಯಾವ ಗುಂಪಿನದು ಎಂದು ನನಗೇ ತಿಳಿಯದಂತೆ ಚೀಟಿ ಅಂಟಿಸುವ ಕೆಲಸ ವೈಶಾಲಿಗೆ ಕೊಟ್ಟೆ. ಇದನ್ನು ಫೆಬ್ರವರಿಯಲ್ಲೇ ಮಾಡಬಹುದಿತ್ತು. ಬೆಲ್ಲ ಎಂದ ಕೂಡಲೇ ನನಗೆ ನಾಚಿಕೆಯಾಗಿತ್ತು, ಅಷ್ಟೇ.

ಮೂರರಲ್ಲೂ ತುದಿ ಹೊಳೆಯಿತು.

ಜೂನ್ ಕೊನೆಗೆ, ವರ್ಷಕ್ಕೊಮ್ಮೆ ನಮ್ಮ ಕೆಲಸ ಪರಿಶೀಲಿಸುವ ಸಮಿತಿಯ ಸಭೆ ಇತ್ತು. ಹಿಂದಿನ ದಿನ ಸರ್ ನನ್ನ ಸ್ಲೈಡುಗಳನ್ನು ನೋಡಿ, ತುದಿಯದನ್ನು ತೆಗೆ ಎಂದರು. ತೆಗೆಯುವುದಿಲ್ಲ ಸರ್ ಎಂದೆ. ಸಭೆಯಲ್ಲಿ ಅವರ ಎದುರಿಗೇ ಮೂರೂ ಚಿತ್ರ ತೋರಿಸಿದೆ. ಬಿಳಿ ಬೆಲ್ಲದಲ್ಲಿ ಪುಡಿ ಇತ್ತು, ನನಗೆ ಗೊತ್ತಿರಲಿಲ್ಲ, ನಾನು ಇಲ್ಲ ಎಂದು ವಾದಿಸಿದ್ದು ತಪ್ಪು ಎಂದೂ ಹೇಳಿದೆ. "ಗೊತ್ತಾದದ್ದು ಹೇಗೆ?" ಎಂದು ಒಬ್ಬರು ಕೇಳಿದರು. "ನಮ್ಮ ಅತ್ತೆ ಗಾಣದಲ್ಲಿ ವಿಚಾರಣೆ ಮಾಡಿದರು" ಎಂದೆ. ನಕ್ಕರು. ಸರ್ ನಗಲಿಲ್ಲ.

ಹೊರಗಿನಿಂದ ಬಂದಿದ್ದ ಹಿರಿಯ ಮೇಡಂ ಒಬ್ಬರು ಗಟ್ಟಿ ಪ್ರಶ್ನೆ ಕೇಳಿದರು. ಬೆಲ್ಲ ಬಿಡಿ, ನಿನ್ನ ದ್ರವವೇ ತುದಿಯಲ್ಲಿ ಬೇರೆ ಏನನ್ನೋ ಹಿಡಿಯುತ್ತಿರಬಹುದಲ್ಲ ಎಂದು. ಅದು ನನಗೂ ಇದ್ದ ಹೆದರಿಕೆ. ಆ ಪ್ರೊಟೀನೇ ಇಲ್ಲದ ನೊಣಗಳ ತಳಿ ಹೊರದೇಶದ ಒಂದು ಲ್ಯಾಬಿನಲ್ಲಿದೆ. ಅದನ್ನು ತರಿಸಿ ನೋಡಬೇಕು. ಪ್ರೊಟೀನ್ ಇಲ್ಲದ ಹುಳದಲ್ಲೂ ತುದಿ ಹೊಳೆದರೆ ನಾನು ಕಂಡ ಬೆಳಕು ಸುಳ್ಳು. ಅಲ್ಲಿ ಆರಿದರೆ ನಿಜ. ತರಿಸಿಕೊಡಿ ಎಂದು ಸರ್‌ಗೆ ತುದಿ ತೋರಿಸಿದ ದಿನವೇ ಕೇಳಿದ್ದೆ. ಈಗ ಸಮಿತಿಯ ಮುಂದೆ ಅವರು ಆಗಲಿ ಎನ್ನಬೇಕಾಯಿತು.

ಒಂದು ವರ್ಷ ಹೆಚ್ಚು ಕೊಟ್ಟಿದ್ದಾರೆ. ಗೈಡ್ ಬದಲಿಸು ಎಂದು ಸರ್ ಮತ್ತೆ ಹೇಳಿದರು. ನೊಣ ಬರುವ ತನಕ ಇದೇ ಮೇಜಿನಲ್ಲಿ ಕೂಡುತ್ತೇನೆ ಎಂದೆ. ಮಾತು ಬಿಟ್ಟಿದ್ದಾರೆ. ಬೆಳಿಗ್ಗೆ ಎದುರಾದರೆ ನಾನೇ ನಮಸ್ಕಾರ ಹೇಳುತ್ತೇನೆ, ಪ್ರತಿ ದಿನ, ಗಟ್ಟಿಯಾಗಿ. ಅಪ್ಪನಿಗೆ ಇನ್ನೂ ಹೇಳಿಲ್ಲ. ಬೇಸಿಗೆಗೆ ಡಾಕ್ಟರ್ ಆಗುತ್ತಾಳೆ ಎಂದು ಬನಹಟ್ಟಿ ತುಂಬ ಹೇಳಿಕೊಂಡು ಬಂದಿದ್ದಾರೆ.

ನಿಮ್ಮ
ಪ್ರತಿಮಾ


ತೋಟದ ಮನೆ
18 ಜುಲೈ 2024

ನನ್ನ ಪ್ರತಿಮಾ,

ನಿನ್ನ ಅಪ್ಪನಿಗೆ ನಾನೇ ಹೇಳಿದೆ. ಈ ಸಲ ಅಂಗಡಿಗೆ ಹೋಗಲಿಲ್ಲ, ಅವನನ್ನೇ ಇಲ್ಲಿಗೆ ಕರೆಸಿದೆ. ಕಟ್ಟೆಯ ಮೇಲೆ ಕುಳಿತು ಪೂರ್ತಿ ಪತ್ರ ಓದಿಕೊಂಡ.

"ಮಂದಿಗಿ ಏನ್ ಹೇಳ್ಲಿ ಅಕ್ಕಾ? ಇನ್ನೂ ಒಂದ ವರ್ಷ ಅಂತ ಹ್ಯಾಂಗ ಹೇಳ್ಲಿ?"

"ಮಗಳು ಸಾಹೇಬ್ರ ಎದರ ಇಲ್ಲಂದ್ಲು ಅಂತ ಹೇಳು."

"ಅದನ್ನ ಹೇಳಿದ್ರ ಸೊಕ್ಕಿನಾಕಿ ಅಂತಾರ."

"ಅನ್ನಲಿ. ನಮ್ಮ ಮನಿತನದಾಗ ಅಷ್ಟ ಸೊಕ್ಕು ಯಾರಿಗರ ಒಬ್ಬರಿಗಿ ಇರಬೇಕಿತ್ತು."

ಅವನು ನಕ್ಕನೋ ಕಣ್ಣೊರೆಸಿಕೊಂಡನೋ, ಎರಡೂ ಒಟ್ಟಿಗೆ ಮಾಡಿದ. ಹೋಗುವಾಗ ನಿನ್ನ ಪತ್ರ ಒಯ್ಯುತ್ತೇನೆ ಎಂದ, ಕೊಡಲಿಲ್ಲ. ನಿನಗೆ ಫೋನ್ ಮಾಡುತ್ತಾನೆ. ಬೈದರೆ ಬೈಸಿಕೋ, ಒಳಗೆ ಸಿಟ್ಟಿಲ್ಲ.

ಮೇಡಂ ಕೇಳಿದ ಪ್ರಶ್ನೆಯನ್ನು ಎರಡು ಸಲ ಓದಿ ಅರ್ಥ ಮಾಡಿಕೊಂಡೆ. ಅವರು ನಿನ್ನನ್ನು ಬಗ್ಗಿಸಲು ಕೇಳಲಿಲ್ಲ, ನೋಡಲು ಕೇಳಿದರು. ಅಂಥವರು ಕೇಳಿದರೆ ಹೆದರಬೇಕು, ಆದರೆ ಓಡಬಾರದು. ಒಂದು ಮಾತು ನನ್ನಿಂದಲೂ ಇರಲಿ. ನಾನು ನಿನ್ನ ಪರ ನಿಂತೆ ಎಂದು, ಆ ಬೆಳಕು ನಿಜವೇ ಆಗಿರಬೇಕು ಎಂಬ ಹಟ ಹಿಡಿಯಬೇಡ. ನಾನು ನಿಂತದ್ದು ನಿನ್ನ ಕಣ್ಣಿನ ಪರ. ಆ ಹೊಸ ಹುಳದಲ್ಲಿ ತುದಿ ಆರಿದ್ದರೆ ಆರಿದೆ ಎಂದು ಬರೆ, ಹೊಳೆದರೆ ಹೊಳೆಯಿತು, ನಾನು ಸೋತೆ ಎಂದು ಬರೆ. ಎರಡರಲ್ಲಿ ಯಾವುದು ಬಂದರೂ ನಾನು ಊರ ಮುಂದೆ ಗಟ್ಟಿಯಾಗಿ ಓದುತ್ತೇನೆ, ಧ್ವನಿ ಇಳಿಸುವುದಿಲ್ಲ.

ಅದಕ್ಕೇ, ನೊಣ ಬಂದು ನೀನು ಗಾಜು ನೋಡಿದ ದಿನವೇ ಬರೆ. ಸರ್‌ಗೆ ಹೇಳುವ ಮೊದಲು, ನಿನ್ನ ಅಪ್ಪನಿಗೆ ಹೇಳುವ ಮೊದಲು. ಉದ್ದ ಬೇಡ, ಒಂದು ಸಾಲು ಸಾಕು. ಬೇಗ ಬರೆ ಮಗಳೇ, ಕಾಯುತ್ತಿದ್ದೇನೆ.

ನಿನ್ನ ಅತ್ತೆ
ಶಿವವ್ವ